ದೊಡ್ಡಣ್ಣನ ಹೆಸರಿಗೆ

ನಾಲ್ಕು ಗಂಟೆಯೊಳಗೆ ದೊಡ್ಡಣ್ಣನ ನೌಕರಿ ಉಳಿಸಬೇಕಿತ್ತು. ಗಡಿಯಾರ ಆಗಲೇ ಮೂರೂಮುಕ್ಕಾಲು ದಾಟಿತ್ತು.

ಯಾರು ಯಾವ ಕೆಲಸ ಮುಗಿಸಿದರೆಂದು ತೋರಿಸುವ ತಂಡದ ಪ್ಲಾನಿಂಗ್ ಬೋರ್ಡ್ ನೋಡಿಕೊಳ್ಳುತ್ತಿದ್ದ ಪ್ರೋಗ್ರಾಮರ್ ಅವಳು. ಬೆಳಿಗ್ಗೆ ಮ್ಯಾನೇಜರ್ ಅವಳ ಮೇಜಿಗೇ ಬಂದು ತಣ್ಣಗೆ ಹೇಳಿದ್ದರು. "ಈ ಮೂರು ತಿಂಗಳಲ್ಲಿ ತಮ್ಮ ಹೆಸರಲ್ಲಿ ಒಂದು ಕೆಲಸಾನೂ ಮುಗಿಸದವರು ಯಾರು ಅಂತ ಎಐ ಏಜೆಂಟ್ ಹತ್ರ ಪಟ್ಟಿ ಮಾಡ್ಸಿ, ನಾಲ್ಕು ಗಂಟೆಗೆ ನೋಡೋಣ. ಅವರ ಬಾಕಿ ಕೆಲಸಾನೆಲ್ಲ ಒಟ್ಟಿಗೇ ಬೇರೆಯವರಿಗೆ ಹಂಚಿಸ್ಬಿಡಿ. ನಾಳೆಯಿಂದ ಅವರು ಆ ಮೇಜಲ್ಲಿ ಕೂರಲ್ಲ."

ಅಂಥವರು ಇದ್ದದ್ದು ಒಬ್ಬರೇ. ಎದುರು ಮೇಜಿನ ದೊಡ್ಡಣ್ಣ. ಯಾರ ಪ್ರೋಗ್ರಾಂ ಕೈಕೊಟ್ಟರೂ ಕುರ್ಚಿ ಎಳೆದುಕೊಂಡು ಹೋಗಿ ಪಕ್ಕದಲ್ಲಿ ಕೂರುವ ಮನುಷ್ಯ. ಸರಿಪಡಿಸುವುದು ಇವರು, ಬೋರ್ಡಿನಲ್ಲಿ ಹೆಸರು ಬೀಳುವುದು ಇನ್ನೊಬ್ಬರದು. ಅವಳು ಮುಗಿಸಿದ್ದಾಳೆಂದು ಬೋರ್ಡ್ ಹೇಳುತ್ತಿದ್ದ ಮೂವತ್ತೊಂದು ಕೆಲಸಗಳಲ್ಲಿ ಅರ್ಧ ಅವರ ಕೈಯದೇ.

"ದೊಡ್ಡಣ್ಣ, ನಿಮ್ಮ ಹೆಸರಿಗೂ ಒಂದೆರಡು ಹಾಕ್ಕೋಬಾರದಾ?" ಎಂದು ಮಧ್ಯಾಹ್ನ ಕೇಳಿಯೂ ನೋಡಿದ್ದಳು.

"ಹೆಸರು ಕಟ್ಕೊಂಡು ಏನಮ್ಮ ಮಾಡ್ಲಿ? ಕೆಲಸ ಆಯ್ತಲ್ಲ!"

ಅವರ ಮನೆಯಲ್ಲಿ ಹಾಸಿಗೆ ಹಿಡಿದ ಹೆಂಡತಿ, ಇನ್ನೂ ಓದುತ್ತಿರುವ ಮಗಳು. ಈ ವಯಸ್ಸಿನಲ್ಲಿ ಅವರನ್ನು ಬೇರೆ ಯಾರು ಕರೆದು ಕೂರಿಸುತ್ತಾರೆ? ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ತನ್ನವೇ ನಾಲ್ಕೈದು ಕೆಲಸ ಅವರ ಲೆಕ್ಕಕ್ಕೆ ಸೇರಿದರೆ ಯಾರಪ್ಪನ ಗಂಟು ಹೋಗುತ್ತದೆ?

ಏಜೆಂಟ್‌ಗೆ ಆತುರಾತುರವಾಗಿ ಬರೆದಳು. 'ಈ ಮೂರು ತಿಂಗಳಲ್ಲಿ ನಾನು ಮುಗಿಸಿದ ಕೆಲಸಗಳನ್ನು ದೊಡ್ಡಣ್ಣನ ಹೆಸರಿಗೆ ಬದಲಿಸು.'

ಬೆನ್ನ ಹಿಂದೆ ಮ್ಯಾನೇಜರ್ ಬೂಟಿನ ಸದ್ದು. ಪರದೆಯ ಮೇಲೆ ಏಜೆಂಟ್ ಏನನ್ನೋ ಕೇಳಿತು. ಅದನ್ನು ಓದುವ ಗೋಜಿಗೆ ಹೋಗದೆ 'ಸರಿ' ಒತ್ತಿದಳು. ಆ ಕಿಟಕಿ ಮುಚ್ಚಿದಳು.

"ಎಲ್ಲರೂ ಬನ್ನಿ," ಎಂದು ಮ್ಯಾನೇಜರ್ ತಂಡವನ್ನು ಕರೆದರು. "ಈಗ ಪಟ್ಟಿ ತೆಗೀರಿ."

ತೆಗೆದಳು. ಪಟ್ಟಿಯಲ್ಲಿ ಒಂದೇ ಹೆಸರಿತ್ತು. ಅವಳದು.

ನಾಲ್ಕೈದು ಎಂದು ಮನಸ್ಸಿನಲ್ಲಷ್ಟೇ ಅಂದುಕೊಂಡಿದ್ದಳು, ಬರೆದಿರಲಿಲ್ಲ. ಮೂವತ್ತೊಂದೂ ದೊಡ್ಡಣ್ಣನ ಹೆಸರಿಗೆ ಹೋಗಿದ್ದವು.

ಮ್ಯಾನೇಜರ್ ಹುಬ್ಬೇರಿಸಿದರು. ಆಮೇಲೆ ಜೋರಾಗಿ ನಕ್ಕರು. "ನೀವಾ! ನಾನು ದೊಡ್ಡಣ್ಣ ಅಂತಾನೇ ಅಂದ್ಕೊಂಡಿದ್ದೆ. ದುಡಿದು ಹೆಸರು ಇನ್ನೊಬ್ಬರಿಗೆ ಬಿಟ್ಟುಕೊಡೋರನ್ನೇ ತಂಡದ ಮುಖ್ಯಸ್ಥರನ್ನಾಗಿ ಮಾಡ್ಬೇಕು ಅಂತಿದ್ದೆ. ನಾಳೆಯಿಂದ ಮುಖ್ಯಸ್ಥರ ಆ ಗಾಜಿನ ಕೋಣೆ ನಿಮ್ಮದು."

ಮೊದಲು ಚಪ್ಪಾಳೆ ತಟ್ಟಿದವರು ದೊಡ್ಡಣ್ಣ.