ಎರಡನೆಯ ಸೀಟು

ಕೂರುವ ಜಾಗ ಎರಡು, ಗಾಳಿ ಮಾತ್ರ ಒಬ್ಬರಿಗೆ. ಮತ್ತೊಮ್ಮೆ ಲೆಕ್ಕ ಹಾಕಿದರೂ ಈರೇಶನಿಗೆ ಅದೇ ಉತ್ತರ ಬಂತು.

ಕೋಗಿಲಬನದ ಚನಬಸಪ್ಪ ಕಾಗದದ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವನು. ನಿವೃತ್ತನಾದ ಮೇಲೆ ಹಳೆಯ ಟ್ಯಾಂಕೊಂದನ್ನು ಬೆಸೆದು, ಕಾಳಿ ಹಿನ್ನೀರಿನ ತಳಕ್ಕಿಳಿಯುವ ಪುಟ್ಟ ಜಲಾಂತರ್ಗಾಮಿ ಕಟ್ಟುತ್ತಿದ್ದ. ಬ್ಯಾಟರಿ ಜೋಡಿಸಲು ಹಳಿಯಾಳದಿಂದ ಬಂದ ಈರೇಶನಿಗೆ ಮೊದಲ ದಿನ ನಗು ತಡೆಯಲಾಗಿರಲಿಲ್ಲ. ಅದೇಕೋ ಊರಿನವರು ಯಾರೂ ನಗುತ್ತಿರಲಿಲ್ಲ.

"ಕಾಕಾ, ಆಕ್ಸಿಜನ್ ಸಿಲಿಂಡರ್ ಒಂದ ಐತಿ. ಬಿಟ್ಟ ಉಸಿರು ಹೀರೂ ಸುಣ್ಣಾನೂ ಒಬ್ಬರಿಗಾಗೂವಷ್ಟ. ಎರಡನೇ ಸೀಟಿಗೆ?"

"ಅದಕ್ಕ ಬ್ಯಾಡ."

"ಹಂಗಾದ್ರ ಬರೂವಾಗ ಕರೆಂಟ್ ಯಾಕ ದುಪ್ಪಟ್ಟು ಕೇಳ್ತೀರಿ?"

"ಬರೂವಾಗ ಭಾರ ಇರತೈತಿ." ಚನಬಸಪ್ಪ ತಲೆ ಎತ್ತದೆ, ಜಲಾಂತರ್ಗಾಮಿಯ ಮೂತಿಗಿದ್ದ ಕಬ್ಬಿಣದ ಕೊಕ್ಕೆಗೆ ಗ್ರೀಸ್ ಹಚ್ಚುತ್ತಿದ್ದ.

ಎರಡನೆಯ ಸೀಟಿನಲ್ಲಿ ಕಾಲು ಚಾಚಲು ಜಾಗವಿಲ್ಲ, ಚಕ್ಕಳಮಕ್ಕಳ ಹಾಕಿಯೇ ಕೂರಬೇಕು. ಎದೆಗೊಂದು ಪಟ್ಟಿ, ಹಣೆಗೊಂದು. ಚನಬಸಪ್ಪನ ಹೆಂಡತಿ ಮಹಾದೇವಕ್ಕ ತಾನೇ ಕೂತು ಅಳತೆ ಕೊಟ್ಟಿದ್ದಳು. ಕೂತವಳು ಸೆರಗು ಬಾಯಿಗೊತ್ತಿಕೊಂಡು ಅತ್ತಿದ್ದಳು. ಹಿತ್ತಿಲಲ್ಲಿ ಹೊಸದಾಗಿ ಅಗೆದ ಗುಂಡಿಯಿತ್ತು. ನೀರು ತುಂಬಿ ಟ್ಯಾಂಕ್ ಸೋರುತ್ತದೋ ನೋಡಲಿಕ್ಕೆಂದು ಈರೇಶ ತಿಳಿದಿದ್ದ. ಈಗ ನೋಡಿದರೆ ಟ್ಯಾಂಕಿನ ಅರ್ಧವೂ ಅದರಲ್ಲಿ ಹಿಡಿಯುವಂತಿರಲಿಲ್ಲ.

ಮುದುಕ ಹೆಂಡತಿಯನ್ನು ನೀರಿನಡಿ ಮುಗಿಸುತ್ತಾನೆ. ಇಲ್ಲವೇ ಇಬ್ಬರೂ ಬದುಕಿನ ಆಸೆ ಬಿಟ್ಟಿದ್ದಾರೆ. ಅದೂ ತಾನು ಜೋಡಿಸಿಕೊಡುವ ಬ್ಯಾಟರಿಯಿಂದ! ಈರೇಶ ಅಂದು ವೈರ್ ಜೋಡಿಸದೆ ಎದ್ದುಹೋದ.

ಮರುದಿನ ಬೆಳಿಗ್ಗೆ ಅವನು ಇನ್ನೊಂದು ಸಿಲಿಂಡರ್ ಹೊತ್ತು ತಂದು ಆ ಸೀಟಿನ ಮೇಲಿಟ್ಟ.

"ಇದು ಇಲ್ಲಿದ್ರನ ವೈರ್ ಜೋಡಸ್ತೇನಿ. ಒಂದು ಜೀವ ತಗಿಯೂ ಕೆಲಸಕ್ಕ ನಾ ಕೈ ಹಚ್ಚಂಗಿಲ್ಲ ಕಾಕಾ."

ಚನಬಸಪ್ಪ ಸ್ಪ್ಯಾನರ್ ಕೆಳಗಿಟ್ಟು ಹೆಂಡತಿಯತ್ತ ನೋಡಿದ. ಮಹಾದೇವಕ್ಕ ಸಿಟ್ಟಾಗಲಿಲ್ಲ. ಸಿಲಿಂಡರನ್ನು ಮೆಲ್ಲಗೆ ಕೆಳಗಿಳಿಸಿ, ಸೀಟನ್ನು ಸೆರಗಿನಿಂದ ಒರೆಸಿ, ಅಲ್ಲೊಂದು ವಿಭೂತಿ ಗಟ್ಟಿ ಇಟ್ಟಳು.

"ನಿನ್ನ ಕರುಳು ದೊಡ್ಡದೈತಿ ತಮ್ಮಾ," ಎಂದಳು. "ಇದರಾಗ ನಾ ಕುಂದ್ರಂಗಿಲ್ಲ."

"ಮತ್ತ ಯಾರು ಅವ್ವಾ?"

"ಹೋದ ಮಳಿಗಾಲದಾಗ ಹಿನ್ನೀರಿನಾಗ ಮುಳುಗಿದ ನನ್ನ ಮಗ ಲೋಕೇಶ ಇನ್ನೂ ತಳದಾಗ ಅದಾನ, ಅವನ್ನ ತಂದು, ನಮ್ಮ ಪದ್ಧತಿಯಂಗ ಕುಂಡ್ರಿಸಿ ಮಣ್ಣು ಕೊಡಬೇಕು... ಅವಂಗ ಗಾಳಿ ಬ್ಯಾಡ."