ಕಾಯದ ಹೀಟರ್

ಮ್ಯಾನೇಜರ್ ಬಾಗಿಲಿಗೆ ಚಿಲಕ ಹಾಕಿದರು.

“ನಿಮ್ಮ ರಾಜೀನಾಮೆ ನೀವೇ ಪ್ರಿಂಟ್ ತೆಗೆದು ಸಹಿ ಹಾಕಿ, ಪುಷ್ಪಲತಾ. ಆಮೇಲೇ ಹೊರಗೆ.”

ಪ್ರಿಂಟರಿನ ಹೀಟರ್ ಬೆಳಗ್ಗೆಯಿಂದ ಸರಿಯಾಗಿ ಕಾಯುತ್ತಿರಲಿಲ್ಲ. ಶಾಖವಿಲ್ಲದಿದ್ದರೆ ಅಕ್ಷರ ಕಾಗದಕ್ಕೆ ಅಂಟುವುದಿಲ್ಲ, ಬರೀ ಪುಡಿಯಾಗಿ ಕೂತಿರುತ್ತದೆ. ಅದು ಅವಳೊಬ್ಬಳಿಗೇ ಗೊತ್ತಿತ್ತು. ಪ್ರಿಂಟ್ ತೆಗೆದು, ಅಕ್ಷರಗಳಿಗೆ ಕೈ ತಾಗದಂತೆ ಪೆನ್ನಿನಲ್ಲಿ ಸಹಿ ಹಾಕಿ ಕೊಟ್ಟಳು. ಅವರು ಚಿಲಕ ತೆಗೆದರು.

ಹೊಸ್ತಿಲು ದಾಟಿದ ಮೇಲೆ ಅವಳಿಗೆ ಧೈರ್ಯ ಬಂತು.

“ಒಂದ್ಸಲ ಕರ್ಚೀಫಲ್ಲಿ ಒರೆಸಿ ನೋಡಿ ಸಾರ್. ನನ್ನ ಕೆಲಸ ಎಲ್ಲೂ ಹೋಗಲ್ಲ, ನಿಮ್ಮ ಪತ್ರಾನೇ ಹೋಗುತ್ತೆ.”

ಅವರು ಒರೆಸಿದರು. ಒಂದಕ್ಷರವೂ ಉಳಿಯಲಿಲ್ಲ. ಬಿಳಿ ಹಾಳೆಯ ಕೆಳಗೆ ಅವಳ ನೀಲಿ ಸಹಿಯೊಂದೇ ಇತ್ತು. ಅದನ್ನೇ ನೋಡುತ್ತಾ ಅವರು ನಿಧಾನವಾಗಿ ನಕ್ಕರು.

“ಒಳಗೆ ಬನ್ನಿ. ಈಗ ಇದರ ಮೇಲೆ ಏನು ಬರೆಯೋಣ, ಹೇಳಿ?”