ರೀಲಿನ ಕೋಲು

ನನಗಾಗ ಹನ್ನೆರಡು ವರ್ಷ. ಅದಾಗಿ ನಲವತ್ತೈದು ವರ್ಷ ಕಳೆದಿವೆ. ಇವತ್ತಿಗೂ ಹಸಿ ಸಿಗಡಿಯ ವಾಸನೆ ಬಡಿದರೆ ಆ ಮಧ್ಯಾಹ್ನ ನೆನಪಾಗಿ ಸಿಟ್ಟು ಬರುತ್ತದೆ.

ನಾವಿದ್ದದ್ದು ಗೋವಾದ ವಾಸ್ಕೋದ ಮಂಗೋರ್ ಹಿಲ್‌ನಲ್ಲಿ. ಬಂದರಿನಲ್ಲಿ ಮೂಟೆ ಹೊತ್ತೇ ಮುದುಕನಾದ ಅಜ್ಜ ದಿನಾ ಸಮುದ್ರದ ಬಂಡೆಗಳ ಮೇಲೆ ನಿಂತು, ನೈಲಾನ್ ದಾರವನ್ನು ಬೆರಳಿಗೆ ಸುತ್ತಿಕೊಂಡು, ಸಿಗಡಿ ಚುಚ್ಚಿದ ಗಾಳ ಬೀಸಿ ಚೊಣಕ್ ಮೀನು ಹಿಡಿಯುತ್ತಿದ್ದ. ಒಮ್ಮೆ ಪಾಚಿಯ ಮೇಲೆ ಜಾರಿ ಬಿದ್ದ. ಅಪ್ಪ ಆ ದಾರ ಕಸಿದು ಅಟ್ಟಕ್ಕೆ ಎಸೆದು, ಮಡಗಾಂವ್‌ನಿಂದ ದಾರ ಸುತ್ತುವ ರೀಲು ಇರುವ ಗಾಳದ ಕೋಲು ತಂದ.

"ಜೆಟ್ಟಿ ಮ್ಯಾಲ ಕುರ್ಚಿ ಹಾಕ್ಕೊಂಡು ಕುಂದ್ರು. ಆಗಂಗಿಲ್ಲಂದ್ರ ಮನ್ಯಾಗಿರು," ಎಂದ. ಕಾವಲಿಗೆ ನನ್ನನ್ನು ಕಳಿಸಿದ.

ದೋಣಿ ನಿಲ್ಲುವ ಆ ಜೆಟ್ಟಿಯಲ್ಲಿ ಅಜ್ಜ, ದಾರ ತಡೆಹಿಡಿಯುವ ರೀಲಿನ ಕೊಂಡಿ ಬಿಡಿಸದೆ, ಹಳೆಯ ದಾರದಂತೆಯೇ ಜೋರಾಗಿ ಬೀಸಿದ. ಗಾಳ ತಿರುಗಿ ಬಂದು ಅವನ ಅಂಗಿಗೇ ಸಿಕ್ಕಿತು. ಎರಡನೇ ಸಲಕ್ಕೆ ದಾರವೆಲ್ಲ ಗಂಟಾಯಿತು. ಬಿಸಿಲಲ್ಲಿ ಒಂದೊಂದೇ ಗಂಟು ಬಿಡಿಸಿ ನನ್ನ ಬೆರಳು ಕೊಯ್ದು ಹೋದವು.

"ಅಜ್ಜಾ, ಎಲ್ಲಾರಂಗ ಸುಮ್ನ ಕುಂತು ಹಿಡೀಬಾರದೇನು?" ಎಂದು ರೇಗಿದೆ.

"ದಾರ ಬೆರಳಾಗಿದ್ರ ಮೀನ ಮುಟ್ಟಿದ್ದು ತಿಳಿತೈತಿ. ಈ ಕೋಲು ಹಿಡದ್ರ ನಾ ಮುದುಕ ಅನ್ನೂದಷ್ಟ ತಿಳಿತೈತಿ," ಎಂದು ಅವನೂ ರೇಗಿದ.

ಬರಿಗೈಯಲ್ಲಿ ಮನೆಗೆ ಬಂದೆವು. ಅಪ್ಪ, "ಸಾಕಿನ್ನ. ನಾಳಿಂದ ಹೊರಗ ಕಾಲಿಡಬ್ಯಾಡ," ಎಂದುಬಿಟ್ಟ. ಅಜ್ಜ ಗೋಡೆಯ ಕಡೆ ತಿರುಗಿ ಮಲಗಿದ. ಎಷ್ಟು ಕರೆದರೂ ಊಟಕ್ಕೆ ಏಳಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋಗುತ್ತಲೇ ಅಟ್ಟ ಹತ್ತಿ ಅಜ್ಜನ ದಾರ ತೆಗೆದೆ. ಅವನನ್ನು ಸಮುದ್ರಕ್ಕೆ ಕರೆದೊಯ್ದು ದಡದಲ್ಲೇ ನಿಲ್ಲಿಸಿ, ಬಂಡೆಗಳ ಮೇಲೆ ಪಾಚಿ ಕಂಡಲ್ಲೆಲ್ಲ ಬುಟ್ಟಿ ಬುಟ್ಟಿ ಮರಳು ಸುರಿದೆ.